ಬೀಜದ ಮಾತಾಡಿ ಕೆಟ್ಟೆ

ನನ್ನ ಮಾತಿನ ಮೇಲೆ ಒಂದು ಮದುವೆ ನಿಶ್ಚಯವಾಗಿದೆ. ನನ್ನನ್ನು ಕೇಳದೆ.

ಹಿರಿಯರ ಮಾತಿನ ಮೇಲೆ ಮದುವೆ ಕೂಡುವುದು, ಮುರಿಯುವುದು ಎರಡೂ ನಮ್ಮ ಕಡೆ ಹೊಸದಲ್ಲ. ನನಗೂ ಆ ವಯಸ್ಸಾಗಿದೆ ಅನ್ನಿ. (ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವಳು. ಈಗ ಪೇಪರಿಗೆ ಬರೆಯುತ್ತೇನೆ. ಮಂಡಿನೋವು ಬೇರೆ.) ಆದರೆ ನಾನು ಆವತ್ತು ಮದುವೆಯ ಸುದ್ದಿಯನ್ನೇ ಎತ್ತಿರಲಿಲ್ಲ. ನಾನು ಮಾತಾಡಿದ್ದು ಮಿದುಳಿನ ಬಗ್ಗೆ. ಮಿದುಳಿಗೂ ಅರಿಶಿನದ ಕೊಂಬಿಗೂ ಏನು ಸಂಬಂಧ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ.

ಸವಿತಾ ನನ್ನ ಚಿಕ್ಕಮ್ಮನ ಮಗಳು. ಕೊಟ್ಟಿದ್ದು ಅರಕೆರೆಗೆ. ಶ್ರೀರಂಗಪಟ್ಟಣದಲ್ಲಿ ನಾನು ಬಸ್ಸು ಹತ್ತಿದರೆ ಸೀಟು ಸಿಕ್ಕಿ ಸ್ವಲ್ಪ ಹೊತ್ತಿಗೆಲ್ಲ ಅವಳ ಊರು. ಗಂಡ ಶಿವಣ್ಣನದು ಭತ್ತ, ಕಬ್ಬಿನ ಬೇಸಾಯ. ಅತ್ತೆ ಕೆಂಪಮ್ಮ. ಮಗಳು ಸಿಂಚನ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಮಗ ಚಿನ್ಮಯನಿಗೆ ಒಂಬತ್ತು ವರ್ಷ. ಅವನಿಗೆ ಆಟಿಸಂ. (ಹೆಸರುಗಳನ್ನು ಬದಲಿಸಿದ್ದೇನೆ. ಊರನ್ನು ಬದಲಿಸಿಲ್ಲ. ಅರಕೆರೆ ದೊಡ್ಡ ಊರು, ಯಾರ ಮನೆ ಅಂತ ಹುಡುಕುತ್ತಾ ಕೂರಬೇಡಿ.)

ಚಿನ್ನು ಮಾತಾಡುವುದಿಲ್ಲ ಅಂತ ಜನ ಹೇಳುತ್ತಾರೆ. ಮಾತಾಡುತ್ತಾನೆ, ಆದರೆ ನಮ್ಮದೇ ಮಾತನ್ನು. ನೀವು "ಊಟ ಆಯ್ತೇನ್ಲಾ" ಅಂದರೆ ಅವನೂ "ಊಟ ಆಯ್ತೇನ್ಲಾ" ಅನ್ನುತ್ತಾನೆ. ಒಂದು ಸಲ ಬಸ್ಸಿನಲ್ಲಿ ಕರೆದುಕೊಂಡು ಹೋದರೆ ಆಮೇಲೆ ವಾರಗಟ್ಟಲೆ ಕಂಡಕ್ಟರ್ ದನಿಯಲ್ಲೇ "ಮುಂದ್ಕೋಗಿ, ಮುಂದ್ಕೋಗಿ" ಅಂತ ಮನೆಯವರನ್ನೆಲ್ಲ ಅಡುಗೆಮನೆಗೆ ತಳ್ಳುತ್ತಾನೆ. ನಗು ಬರುತ್ತದೆ. ಆದರೆ ಕುಕ್ಕರ್ ಸೀಟಿ ಹೊಡೆದರೆ ಮಂಚದ ಕೆಳಗೆ ಹೋಗುತ್ತಾನೆ. ಕಬ್ಬಿನ ಟ್ರಾಕ್ಟರು ಜೋರಾಗಿ ಹಾಡು ಹಾಕಿಕೊಂಡು ಬೀದಿಗೆ ಬಂದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಆಗ ಯಾರಿಗೂ ನಗು ಬರುವುದಿಲ್ಲ.

ಇದಕ್ಕೆಲ್ಲ ಯಾರು ಕಾರಣ? ಇನ್ಯಾರು, ಹೆತ್ತವಳು.

ತುಂಬಿದ ಬಸುರಿ ಅಮಾವಾಸ್ಯೆ ದಿನ ನಾಲೆ ದಾಟಿ ಕೆ.ಆರ್. ಪೇಟೆ ಕಡೆಯ ತವರಿಗೆ ಹೋದಳು, ಅದಕ್ಕೇ ಹೀಗಾಯಿತು. ಇದು ಕೆಂಪಮ್ಮನ ತೀರ್ಪು. ಮಗುವಿನ ಜೊತೆ ಮಾತಾಡದೆ ಮೊಬೈಲ್ ಕೊಟ್ಟು ಕೂರಿಸಿದಳು, ಅದಕ್ಕೇ ಹೀಗಾಯಿತು. ಇದು ಓದಿದವರ ತೀರ್ಪು. ಎರಡರಲ್ಲಿ ಯಾವುದು ಹೆಚ್ಚು ಕ್ರೂರ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಮಾವಾಸ್ಯೆಯ ತಪ್ಪಿಗಾದರೂ ಒಂದು ಪೂಜೆ ಮಾಡಿಸಿ ಕೈತೊಳೆದುಕೊಳ್ಳಬಹುದು. ಪ್ರೀತಿ ಸಾಲಲಿಲ್ಲ ಅನ್ನುವ ಆರೋಪಕ್ಕೆ ಯಾವ ದೇವರಿಗೆ ಕಾಯಿ ಒಡೆಸುವುದು?

ಹೋದ ವರ್ಷ ನಾಗಮಂಗಲದಲ್ಲಿ ನಮ್ಮ ನೆಂಟರ ಪೈಕಿ ಒಂದು ಸೀಮಂತ. ಸವಿತಾ ಬಂದಿದ್ದಳು. ಊಟಕ್ಕೆ ಅವಳ ಪಕ್ಕದ ಎಲೆಗೆ ಆ ಬಸುರಿ ಹುಡುಗಿಯೇ ಬಂದು ಕೂತಳು. ಹುಡುಗಿಯ ತಾಯಿ ಎಲ್ಲಿಂದಲೋ ಓಡಿ ಬಂದರು. "ಅಲ್ಲಿ ಫ್ಯಾನ್ ಗಾಳಿ ಬತ್ತದೆ ಬಾ ಮಗ" ಅಂತ ಎಬ್ಬಿಸಿಕೊಂಡು ಹೋದರು. ಫ್ಯಾನು ನಮ್ಮ ತಲೆಯ ಮೇಲೇ ತಿರುಗುತ್ತಿತ್ತು.

ಸವಿತಾ ಅನ್ನಕ್ಕೆ ಸಾರು ಕಲಸಿದಳು, ಕಲಸುತ್ತಲೇ ಇದ್ದಳು. ಅದಾದ ಮೇಲೆ ಅವಳು ಯಾರ ಮನೆಯ ಶುಭಕಾರ್ಯಕ್ಕೂ ಹೋಗಿಲ್ಲ.

ನಾನು ಓದಲು ಕೂತಿದ್ದು ಆ ಸಿಟ್ಟಿಗೆ.

ನಗಬೇಡಿ. ವಿಜ್ಞಾನ ಅಂದರೆ ನನಗೆ ಪಕ್ಕದ ಸ್ಟಾಫ್ ರೂಮಿನ ವಿಷಯ. ಹೃದಯಕ್ಕೆ ಎಷ್ಟು ಕೋಣೆ ಅನ್ನುವಲ್ಲಿಗೆ ನನ್ನ ಜೀವಶಾಸ್ತ್ರ ಮುಗಿಯುತ್ತದೆ. ಅಂಥವಳು ಬೆಳಗಿನ ಕಾಫಿ ಮುಗಿಸಿ ಮೊಬೈಲಿನಲ್ಲಿ ಯಾವುದೋ ದೇಶದ ಪ್ರೊಫೆಸರ್ ಪಾಠ ಹಾಕಿಕೊಳ್ಳುತ್ತಿದ್ದೆ. ಅಮಿಗ್ಡಾಲ ಅನ್ನುವ ಹೆಸರು ಮೊದಲ ಸಲ ಕೇಳಿದಾಗ ಯಾವುದೋ ಬೇಳೆ ಇರಬೇಕು ಅನ್ನಿಸಿತು. (ಮಿದುಳಿನ ಒಳಗಿನ ಒಂದು ಸಣ್ಣ ಭಾಗ. ಭಯ, ಗಾಬರಿಗೆಲ್ಲ ಅದಕ್ಕೂ ನಂಟಿದೆಯಂತೆ.) ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ಕೇಳಿ, ಅರ್ಧ ಅರ್ಥವಾಗಿ, ಇನ್ನರ್ಧಕ್ಕೆ ಮೈಸೂರಿನ ಒಬ್ಬ ಪರಿಚಯದ ಡಾಕ್ಟರಿಗೆ ಫೋನು ಮಾಡಿ ತಲೆ ತಿಂದು, ಹೀಗೇ ತಿಂಗಳುಗಳು ಹೋದವು.

ನನ್ನ ದಡ್ಡ ತಲೆಗೆ ಹೊಕ್ಕಿದ್ದಿಷ್ಟು. ಮಗು ಹೊಟ್ಟೆಯಲ್ಲಿರುವಾಗಲೇ ಮಿದುಳಿನ ಕೋಶಗಳು ಒಂದಕ್ಕೊಂದು ಕೈ ಕೈ ಹಿಡಿಯಲು ಶುರು ಮಾಡುತ್ತವೆ. ಹುಟ್ಟಿದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ನಂಟು ಬೆಳೆಯುತ್ತದೆ, ಆಮೇಲೆ ಬೇಡದ್ದನ್ನು ಮಿದುಳೇ ಕಿತ್ತು ಹಾಕುತ್ತದೆ. ಪೈರು ಒತ್ತಾದರೆ ನಾವು ಕೀಳುವುದಿಲ್ಲವೇ, ಹಾಗೆ. ಆಟಿಸಂ ಇರುವ ಕೆಲವರಲ್ಲಿ ಈ ನಂಟು ಬೆಳೆಯುವ ರೀತಿ, ಕೀಳುವ ರೀತಿ ಬೇರೆ ಇರಬಹುದು ಅಂತ ವಿಜ್ಞಾನಿಗಳ ಅಂದಾಜು. ಅಂದಾಜು ಅಂತ ಅವರೇ ಹೇಳುತ್ತಾರೆ. ಅವರಿಗೇ ಪೂರ್ತಿ ಗೊತ್ತಿಲ್ಲ.

ಇನ್ನೊಂದು. ನಿಮ್ಮ ನನ್ನ ಮಿದುಳು ಬೇಡದ ಸದ್ದನ್ನು ಹಿಂದಕ್ಕೆ ತಳ್ಳುತ್ತದೆ. ಈ ಸಾಲು ಓದುವಾಗ ಫ್ಯಾನಿನ ಸದ್ದು ನಿಮಗೆ ಕೇಳಿಸುತ್ತಿತ್ತಾ? ಈಗ ನಾನು ಹೇಳಿದ ಮೇಲೆ ಕೇಳಿಸಿತು. ಚಿನ್ನುವಿನಂಥ ಎಷ್ಟೋ ಮಕ್ಕಳಿಗೆ ಈ ತಳ್ಳುವ ಕೆಲಸ ಸುಲಭವಲ್ಲ. ಫ್ಯಾನು, ಕುಕ್ಕರು, ಪಕ್ಕದ ಮನೆ ಟೀವಿ, ಅಂಗಿಯ ಲೇಬಲ್ಲು ಚುಚ್ಚುವುದು, ಎಲ್ಲವೂ ಒಂದೇ ಜೋರಿನಲ್ಲಿ ಬಂದು ಬಡಿಯುತ್ತವಂತೆ. ಅವನದು ಹಠ ಅಂತ ನಾವು ಎಷ್ಟು ಸಲ ಬೈದಿದ್ದೇವೆ? ಅದು ಹಠವಲ್ಲ. ನೋವು.

ಮೂರನೆಯದು ವಂಶವಾಹಿಯ ವಿಚಾರ. ಆಟಿಸಂಗೆ ಹೆಚ್ಚಿನ ಕಾರಣ ಅಲ್ಲಿದೆ. ಒಂದೇ ಒಂದರಲ್ಲಲ್ಲ, ಎಷ್ಟೆಷ್ಟೋ ಸಣ್ಣ ಸಣ್ಣವು ಸೇರಿ. ಕೆಲವು ಅಪ್ಪನ ಕಡೆಯವು, ಕೆಲವು ಅಮ್ಮನ ಕಡೆಯವು, ಕೆಲವು ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲಿ ಹೊಸದಾಗಿ ಆದವು. ಯಾವ ಮಗುವಿಗೆ ಯಾವುದರಿಂದ ಅಂತ ಬೆರಳಿಟ್ಟು ಹೇಳಲು ಬಹಳ ಸಲ ಆಗುವುದಿಲ್ಲ. ಒಂದು ಮಾತ್ರ ಖಚಿತ. ಅಮ್ಮನ ಪ್ರೀತಿ ಕಡಿಮೆಯಾಗಿ ಯಾರಿಗೂ ಆಟಿಸಂ ಬರುವುದಿಲ್ಲ. ಅಮಾವಾಸ್ಯೆಗೂ ನಾಲೆಗೂ ಇದರಲ್ಲಿ ಪಾಲಿಲ್ಲ.

ಇದನ್ನು ಕಟ್ಟಿಕೊಂಡು ಅರಕೆರೆಗೆ ಹೋದೆ.

ಆವತ್ತು ಮುದ್ದೆ, ಉಪ್ಪುಸಾರು. ಊಟವಾಗಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಬೀದಿಯಲ್ಲಿ ಯಾರೋ ಬೈಕಿನ ಹಾರ್ನ್ ಹೊಡೆದರು, ಚಿನ್ನು ಕಿವಿ ಮುಚ್ಚಿಕೊಂಡು ಕಿರುಚಿದ. ಕೆಂಪಮ್ಮ ಶುರು ಮಾಡಿದರು. "ಬ್ಯಾಡ ಬ್ಯಾಡ ಅಂದೆ, ಅಮಾಸೆ ದಿನ ವಂಟು ನಿಂತ್ಲು. ಈಗ ಆ ಮಗ ಅನುಬವುಸ್ತದೆ." ಒಂಬತ್ತು ವರ್ಷದಿಂದ ಅದೇ ಮಾತು. ಸವಿತಾ ತಟ್ಟೆ ಎತ್ತಿಕೊಂಡು ಒಳಗೆ ಹೊರಟಳು.

ನನಗೆ ರೇಗಿತು. "ಕೂತ್ಕೋ ಸವಿತಾ" ಅಂದೆ. ಪಾಠ ಶುರು ಮಾಡಿದೆ. ಕೋಶ, ನಂಟು, ಸದ್ದು, ಎಲ್ಲ ಹೇಳಿದೆ. ಕೆಂಪಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು, ಒಂದಕ್ಷರ ತಲೆಗೆ ಹೋಗಲಿಲ್ಲ. ವಂಶವಾಹಿ ಅಂದೆ. ಶಿವಣ್ಣ ಆಕಳಿಸಿದರು. ಆಗ ಮೇಷ್ಟರ ಬುದ್ಧಿ ನೋಡಿ, ಮಕ್ಕಳಿಗೆ ತಿಳಿಯದಿದ್ದರೆ ಉದಾಹರಣೆ ಕೊಡು ಅನ್ನುತ್ತದೆ. ಬೇಸಾಯದ ಮನೆಗೆ ಬೇಸಾಯದ ಉದಾಹರಣೆಯನ್ನೇ ಕೊಟ್ಟೆ.

"ನೋಡಿ ಕೆಂಪಮ್ಮ, ಬಿತ್ತೋ ಬೀಜದಲ್ಲೇ ಒಂದು ಗುಣ ಇರುತ್ತೆ. ಪೈರು ಬೇರೆ ಥರ ಬಂದರೆ ಗದ್ದೇನ ಬೈಬಾರ್ದು. ಅದು ಬೀಜದಲ್ಲೇ ಇರುತ್ತೆ. ಗದ್ದೆ ತಪ್ಪಲ್ಲ."

ಮೊದಲ ಸಲ ಎಲ್ಲರಿಗೂ ಅರ್ಥವಾಗಿತ್ತು. ಕೆಂಪಮ್ಮ ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಅಂಗಂದ್ರೆ ಇವ್ಳು ನಾಲೆ ದಾಟುದ್ಕಲ್ಲ ಅನ್ನು" ಅಂದರು. "ಅಲ್ಲ" ಅಂದೆ. ಸವಿತಾ ನನ್ನ ಹತ್ತಿರ ಬಂದು, "ನಿಜ್ವಾಗ್ಲೂವಾ ಅಕ್ಕ?" ಅಂತ ಕೇಳಿದಳು. "ನಿಜ ಕಣೆ" ಅಂದೆ. ಅವಳು ನನ್ನ ಪಕ್ಕದಲ್ಲಿ ಗೋಡೆಗೊರಗಿ ಕೂತು ಅತ್ತಳು, ತಡೆಯದೆ, ಸೆರಗು ಅಡ್ಡ ಹಿಡಿಯದೆ. ಕೆಂಪಮ್ಮನೇ ನೀರು ತಂದುಕೊಟ್ಟರು. ಚಿನ್ನು ಓಡಾಡುತ್ತಾ, "ಗದ್ದೆ ತಪ್ಪಲ್ಲ, ಗದ್ದೆ ತಪ್ಪಲ್ಲ" ಅನ್ನುತ್ತಿದ್ದ. ನನ್ನದೇ ದನಿ. ನನ್ನದೇ ಮೇಷ್ಟರ ರಾಗ.

ವಾಪಸ್ ಬರುವ ಬಸ್ಸಿನಲ್ಲಿ ನಾನು ಎಷ್ಟು ಬೀಗಿದ್ದೆ ಅಂದರೆ ನನ್ನ ಸ್ಟಾಪಿನಲ್ಲಿ ಇಳಿಯುವುದನ್ನೂ ಮರೆತೆ. ಇಡೀ ಸರ್ವೀಸಿನಲ್ಲಿ ಒಂದು ಪಾಠ ಸಾರ್ಥಕವಾಯಿತು ಅಂದುಕೊಂಡೆ.

ಹಳ್ಳಿಯ ಮನೆಯಲ್ಲಿ ಬೀಜದ ಮಾತು ಎತ್ತಿದರೆ ಅದು ಎಲ್ಲಿಯವರೆಗೆ ಬೇರು ಬಿಡುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಒಂದು ಸಾಲಿನ ಬೀಜ ಕೆಟ್ಟಿದೆ ಅಂದರೆ ಆ ರಾಶಿಯನ್ನೇ ಯಾರೂ ಮುಟ್ಟುವುದಿಲ್ಲ. ಇದು ಅವರಿಗೆ ಗೊತ್ತು. ನನಗೂ ಗೊತ್ತಿರಬೇಕಿತ್ತು.

ಹೋದ ವಾರ ಲೋಕೇಶನ ಫೋನು ಬಂತು. ಲೋಕೇಶ ಅಂದರೆ ಸವಿತಾಳ ತಮ್ಮ. ಕೆ.ಆರ್. ಪೇಟೆ ಹತ್ತಿರದ ಊರಲ್ಲಿ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. ವಯಸ್ಸು ಮೂವತ್ತನಾಲ್ಕು. ಮದುವೆಯಾಗಿಲ್ಲ. ಯಾಕೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಬೇಸಾಯದ ಹುಡುಗನಿಗೆ ಯಾರು ಹೆಣ್ಣು ಕೊಡುತ್ತಾರೆ?

"ಅಕ್ಕ, ನಂಗೂ ಸಿಂಚನಂಗೂ ಮಾಡದು ಅಂತ ಆಗದೆ" ಅಂದ. ದನಿಯಲ್ಲಿ ಖುಷಿ ಇರಲಿಲ್ಲ.

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಸಿಂಚನ ಅವನ ಅಕ್ಕನ ಮಗಳು. ಅವನ ಹೆಗಲ ಮೇಲೆ ಕೂತು ಬೆಳೆದವಳು. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ ನಿಜ. ಆದರೆ ಈ ಮನೆಯಲ್ಲಿ ಆ ಯೋಚನೆ ಯಾರಿಗೂ ಇರಲಿಲ್ಲ. ಪಾಂಡವಪುರದಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಓದು ಮುಗಿಯಲಿ, ಎಂ.ಎಸ್ಸಿ. ಮಾಡಿದರೂ ಮಾಡಲಿ, ಕಾಯುತ್ತೇವೆ ಅಂದಿದ್ದರು ಅವರು.

"ಪಾಂಡವಪುರದೋರು ಏನಾದ್ರು?"

"ಇವ್ರೇ ಬ್ಯಾಡ ಅಂದ್ಬುಟ್ರಂತೆ. ನಾನೇನ್ ಕೇಳಿರ್ಲಿಲ್ಲ ಅಕ್ಕ. ಸವಿತಕ್ಕ ಬಂದು ಅತ್ಕಂಡು ಕೇಳುದ್ಲು. ಎಂಗ್ ಇಲ್ಲ ಅನ್ನದು? ನಂಗೂ ವಯಸ್ಸಾಯ್ತಲ್ಲ." ಆಮೇಲೆ, "ಸಿಂಚನ ಇನ್ನೂ ನನ್ನ ಮಾಮ ಅಂತ್ಲೇ ಕರೀತದೆ" ಅಂದ.

ಭಾನುವಾರ ಬೆಳಿಗ್ಗೆಯೇ ಅರಕೆರೆಗೆ ಹೋದೆ. ಕೆಂಪಮ್ಮ ಬಾಗಿಲಲ್ಲೇ, "ಬಾರವ್ವ ಟೀಚರಮ್ಮ. ನಿನ್ನಿಂದ ಒಂದು ದಾರಿ ಆಯ್ತು" ಅಂತ ಕರೆದರು. ಮುಖದಲ್ಲಿ ನೆಮ್ಮದಿ.

"ಏನು ಕೆಂಪಮ್ಮ ಇದು?"

"ನೀನೇ ಯೋಳ್ದಲ್ಲವ್ವ, ಬೀಜ್ದಲ್ಲೇ ಅದೆ ಅಂತ. ಅದ ಕೇಳುದ್ಮೇಲೆ ವರಗ್ನೋರ್ಗೆ ಎಂಗವ್ವ ಕೊಡದು? ನಾಳೆ ಅವ್ಳ ವಟ್ಟೇಲೂ ಇಂತಾದೇ ಒಂದು ಮಗ ಉಟ್ಟುದ್ರೆ? ಮೋಸ ಮಾಡುದ್ರು ಅಂತ ತಂದು ಬಾಗ್ಲಲ್ ಬುಟ್ಟೋಯ್ತಾರೆ. ಲೋಕೇಸ ನಮ್ಮೋನು. ಎಲ್ಲ ಗೊತ್ತಿದ್ದೇ ಕಟ್ಕತಾವ್ನೆ. ಅವ್ನು ಬುಡಕ್ಕಾಯ್ತದಾ?"

ನೋಡಿ, ಮೂಢನಂಬಿಕೆ ಅಂದಿದ್ದರೆ ಜಗಳ ಆಡಬಹುದಿತ್ತು. ಇದು ನನ್ನದೇ ಪಾಠ. ಅದರ ಮೇಲೆ ಅವರು ಪ್ರೀತಿಯಿಂದ, ಭಯದಿಂದ ಲೆಕ್ಕ ಹಾಕಿದ್ದಾರೆ. ಲೆಕ್ಕ ಪೂರ್ತಿ ತಿರುವುಮುರುವು.

ಬಾಯಿ ಬಿಟ್ಟೆ. ತಮ್ಮನಿಗೆ ಇದೆ ಅಂದ ಮಾತ್ರಕ್ಕೆ ಸಿಂಚನಳ ಮಕ್ಕಳಿಗೂ ಆಗೇ ಆಗುತ್ತದೆ ಅಂತಿಲ್ಲ, ಬಹಳಷ್ಟು ಜನಕ್ಕೆ ಆಗುವುದಿಲ್ಲ ಅಂದೆ. ಅದಕ್ಕಿಂತ ಮುಖ್ಯ, ಹತ್ತಿರದ ರಕ್ತದಲ್ಲಿ ಮದುವೆ ಮಾಡಿದರೆ ಮಕ್ಕಳಿಗೆ ಇಂಥ ತೊಂದರೆ ಆಗುವ ಸಾಧ್ಯತೆ ಕಡಿಮೆಯಾಗುವುದಿಲ್ಲ, ಹೆಚ್ಚೇ ಆಗುತ್ತದೆ ಅಂದೆ. ಹೆದರಿ ಓಡಿಹೋಗಿ ಅದೇ ಬಾಗಿಲು ತಟ್ಟುತ್ತಿದ್ದೀರಿ ಅಂದೆ.

ಕೆಂಪಮ್ಮನ ಮುಖ ನಿಧಾನಕ್ಕೆ ಬದಲಾಯಿತು.

"ನಾನೂ ನನ್ ಸೋದರಮಾವುನ್ನೇ ಕಟ್ಕಂಡಿದ್ದು" ಅಂದರು. "ಅಂಗಾರೆ ಚಿನ್ನೂಗೆ ಇಂಗಾಗಿದ್ದು ನನ್ನಿಂದ್ಲಾ?"

ಆ ಮುದುಕಿ ಇಷ್ಟು ವರ್ಷ ಸೊಸೆಯನ್ನು ಹುರಿದು ಮುಕ್ಕಿದವರು. ನನಗೆ ಅವರ ಮೇಲೆ ಕರುಣೆ ಬರಬಾರದು. ಬಂತು. ಹಿಂದೆ ಸೀಮಂತದ ಮನೆಯಲ್ಲಿ ಸವಿತಾಳ ಮುಖ ಇದ್ದದ್ದೂ ಹೀಗೇ. ನಾನು ಹೌದು ಅನ್ನುವಂತಿಲ್ಲ, ಯಾಕೆಂದರೆ ಅದು ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಗಟ್ಟಿಯಾಗಿ ಅಲ್ಲ ಅಂದರೆ, ಹಾಗಾದರೆ ಸಂಬಂಧದ ಒಳಗೇ ಕೊಡುವುದರಲ್ಲಿ ತೊಂದರೆ ಇಲ್ಲವಲ್ಲ ಅನ್ನುತ್ತಾರೆ.

"ನಿಮ್ಮಿಂದ ಅಂತಲ್ಲ ಕೆಂಪಮ್ಮ" ಅಂದೆ.

"ಮತ್ತಿನ್ನೇನು, ಲೋಕೇಸಂಗೇ ಕೊಟ್ರಾಯ್ತು" ಅಂದರು ಅವರು. ಕಣ್ಣೊರೆಸಿಕೊಂಡರು. ಅಲ್ಲಿಗೆ ಮಾತು ಮುಗಿಯಿತು.

ಇಷ್ಟು ಹೊತ್ತು ಶಿವಣ್ಣ ಎಲ್ಲಿದ್ದರು ಅಂತ ಕೇಳುತ್ತೀರಾ? ಅಲ್ಲೇ ಇದ್ದರು. ಮೋಟಾರು ನೋಡಿಕೊಂಡು ಬರುತ್ತೇನೆ ಅಂತ ಎದ್ದು ಹೋದರು. ಬೀಜ ಅಂದೆನಲ್ಲ ನಾನು, ಆ ಮಾತಿಗೆ ಆ ಮನೆಯಲ್ಲಿ ಒಬ್ಬರೂ ಶಿವಣ್ಣನ ಕಡೆ ತಿರುಗಿ ನೋಡಿಲ್ಲ. ನೋಡಬೇಕು ಅಂತ ನಾನು ಹೇಳುತ್ತಿಲ್ಲ, ಅವರ ತಪ್ಪೂ ಅಲ್ಲ. ಆದರೂ ಗಮನಿಸಿ. ತಪ್ಪು ಅನ್ನುವುದು ನಮ್ಮ ಮನೆಗಳಲ್ಲಿ ಗಂಡಸರ ತಲೆಯ ಮೇಲೆ ಒಂದು ಗಳಿಗೆಯೂ ಕೂರುವುದಿಲ್ಲ. ಅಜ್ಜಿಯಿಂದ ಸೊಸೆಗೆ, ಸೊಸೆಯಿಂದ ಮಗಳಿಗೆ, ಹೆಂಗಸರ ಸಾಲಿನಲ್ಲೇ ಓಡಾಡುತ್ತದೆ. ಇದಕ್ಕೆ ಯಾವ ವಂಶವಾಹಿ ಕಾರಣ ಅಂತ ಆ ಪ್ರೊಫೆಸರ್‌ಗಳು ಹೇಳಲಿಲ್ಲ.

ಅಡುಗೆಮನೆಗೆ ಹೋದೆ. ಸವಿತಾ ಒಲೆಯ ಮುಂದೆ ಇದ್ದಳು. "ನೀನಾದರೂ ಬೇಡ ಅನ್ನಬಾರ್ದೇನೆ?" ಅಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. "ಅಕ್ಕ, ನಾನೂ ಇವ್ರೂ ವೋದ್ಮೇಲೆ ಚಿನ್ನೂನ ಯಾರ್ ನೋಡ್ಕತಾರೆ? ವರಗ್ನ ಅಳಿಯ ನೋಡ್ಕತಾನಾ? ಲೋಕೇಸ ಆದ್ರೆ ಒಂದ್ ತುತ್ತು ಅನ್ನ ಆಕ್ತಾನೆ. ಒಡಿಯಲ್ಲ. ಅಷ್ಟ್ ಸಾಕು ನಂಗೆ."

"ಸಿಂಚನ?"

"ಅವ್ಳು ಉಸಾರು. ಎಂಗೋ ಇರ್ತಾಳೆ."

ನಾನು ಓದಿದ ಅಷ್ಟೂ ಪಾಠದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಇಂಥವರನ್ನು ಯಾರು ನೋಡಿಕೊಳ್ಳಬೇಕು ಅನ್ನುವುದು ಮಿದುಳಿನ ಪ್ರಶ್ನೆಯಲ್ಲ. ಅದು ನಮ್ಮ ಊರಿನ ಪ್ರಶ್ನೆ, ನಮ್ಮ ಸರ್ಕಾರದ್ದು, ನೆಂಟರು ಅನ್ನಿಸಿಕೊಂಡ ನಮ್ಮೆಲ್ಲರದ್ದು. ನಾವ್ಯಾರೂ ಉತ್ತರ ಕೊಟ್ಟಿಲ್ಲ. ಕೊಡದೇ ಇದ್ದದ್ದರಿಂದ ಒಬ್ಬ ತಾಯಿ ಮಗಳನ್ನೇ ಉತ್ತರವಾಗಿ ಕೊಡುತ್ತಿದ್ದಾಳೆ.

ಬಸ್ ಸ್ಟಾಪಿನವರೆಗೆ ಸಿಂಚನ ಬಂದಳು. ಅಳು ಇಲ್ಲ, ಸಿಟ್ಟಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

"ದೊಡ್ಡಮ್ಮ, ನೀವು ಇವತ್ತು ಹೇಳುದ್ರಲ್ಲ, ಅದು ನಮ್ಮ ಸಿಲಬಸ್ಸಲ್ಲೇ ಐತೆ. ನಾನು ಮನೇಲಿ ಹೇಳಿದ್ದೆ. ಮದ್ವೆ ತಪ್ಪುಸ್ಕೊಳಕ್ಕೆ ಹೇಳ್ತಾವ್ಳೆ ಅಂದ್ರು."

"ಪಾಂಡವಪುರದ ಹುಡುಗನಿಗೆ ಗೊತ್ತಾ?"

"ಅವ್ರಿಗೆ ಚಿನ್ನು ವಿಷ್ಯ ಮೊದ್ಲಿಂದ್ಲೂ ಗೊತ್ತು. ಅವ್ರು ಏನೂ ಅಂದಿರ್ಲಿಲ್ಲ. ಇವ್ರೇ ಹೆದ್ರಕೊಂಡ್ರು." ಕಾಲಿನಿಂದ ರಸ್ತೆಯ ಜಲ್ಲಿ ತಳ್ಳುತ್ತಾ ಸ್ವಲ್ಪ ದೂರ ನಡೆದಳು. "ಅಮ್ಮಂದೂ ತಪ್ಪಲ್ಲ ಅಂದ್ರಿ, ಅಜ್ಜಿದೂ ತಪ್ಪಲ್ಲ ಅಂದ್ರಿ. ಒಳ್ಳೇದೇ ಆಯ್ತು ಬುಡಿ. ಇನ್ನು ಮನೇಲಿ ಉಳ್ದಿದ್ದು ನಾನೊಬ್ಳೇ."

ಬಸ್ಸು ಬಂತು. ಹತ್ತಿ ಕೂತ ಮೇಲೆ ಅವಳೇ ಕಿಟಕಿಯ ಹತ್ತಿರ ಬಂದು ಹೇಳಿದಳು: "ಪೇಪರಲ್ಲಿ ಬರೀರಿ ದೊಡ್ಡಮ್ಮ. ಅಮ್ಮ ನೀವು ಬರ್ದಿದ್ದು ಒಂದೂ ಬುಡಲ್ಲ, ಓದ್ತಾಳೆ."

ಬರೆದಿದ್ದೇನೆ. ಕೆಂಪಮ್ಮನಿಗೆ ಓದು ಬಾರದು. ಶಿವಣ್ಣ ಭತ್ತದ ರೇಟು ನೋಡಿ ಪೇಪರ್ ಮಡಿಸುತ್ತಾರೆ. ಉಳಿದವರು ನೀವು, ನೀವು ಓದಿ ಅಯ್ಯೋ ಅನ್ನುತ್ತೀರಿ. ಗುರುವಾರ ವೀಳ್ಯದೆಲೆ ಬದಲಾಯಿಸುವ ಶಾಸ್ತ್ರ ಇಟ್ಟುಕೊಂಡಿದ್ದಾರೆ. ಅಷ್ಟರೊಳಗೆ ಇದು ಮುಟ್ಟಬೇಕಾದವಳು ಒಬ್ಬಳೇ, ಹಾಗಾಗಿ ಕೊನೆಯ ಸಾಲು ಅವಳಿಗೆ.

ನಿನ್ನದಲ್ಲದ ಮೂಟೆಯನ್ನು ಒಂಬತ್ತು ವರ್ಷ ಹೊತ್ತವಳು ನೀನು ಸವಿತಾ, ಇಳಿಸುವಾಗ ಅದನ್ನು ಮಗಳ ತಲೆಯ ಮೇಲೇ ಇಡಬೇಕಿತ್ತಾ?